ಘೋಡನದಿಯ ದಾರಿಯಲ್ಲಿ ಸುದ್ದಿಯ ನಡೆ

ಶಿರೂರು ಎಂದೊಡನೆ ನಮ್ಮವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು ನೆನಪಾಗುತ್ತದೆ. ಉಡುಪಿಯ ಕಡೆಯವರಿಗೆ ಅಷ್ಟಮಠಗಳಲ್ಲೊಂದಾದ ಶಿರೂರು ಮಠ. ಬಾಗಲಕೋಟೆಯವರಿಗೆ ಅವರ ಶಿರೂರು. ಉತ್ತರ ಕನ್ನಡದವರಿಗೆ ಅಂಕೋಲೆಯ ಶಿರೂರು. ನಾವು ಇಲ್ಲಿ ಹೇಳಹೊರಟಿರುವುದು ಇವಾವುದನ್ನೂ ಅಲ್ಲ. ಪುಣೆಯಿಂದ ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಹೋಗುವ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಶಿರೂರನ್ನು ಕುರಿತು. ಘೋಡ್ ಎಂಬ ನದಿಯ ದಂಡೆಯ ಮೇಲಿರುವುದರಿಂದ ಇದಕ್ಕೆ ಘೋಡನದಿ ಎಂಬ ಹೆಸರೂ ಉಂಟು. ರಾಂಜಣಗಾಂವದ ಗಣಪತಿಯ ದರ್ಶನಕ್ಕೆ ಹೋದ ಸಂಘದ ಸದಸ್ಯರು ಈ ತಾಲ್ಲೂಕಿನ ನೆಲವನ್ನು ತುಳಿದೇ ಇದ್ದಾರೆ. ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಕನ್ನಡಿಗರಿಗಂತೂ ಇದು ದಿನದ ದಾರಿ.

ಈ ಘೋಡ್ ನದಿ ಸಹ್ಯಾದ್ರಿಯಲ್ಲಿ ಹುಟ್ಟಿ, ಶಿರೂರನ್ನು ಮುಟ್ಟಿ, ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಸೊಲ್ಲಾಪುರ ಜಿಲ್ಲೆಯನ್ನು ಹಾದು ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆ ಹರಿದು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಎಂದರೆ, ಶಿರೂರಿನ ಸೇತುವೆಯ ಕೆಳಗೆ ಹರಿಯುವ ನೀರು ಕನ್ನಡನಾಡಿಗೇ ಹೋಗುವ ನೀರು. ನೀರು ತನ್ನ ದಾರಿಯಲ್ಲಿ ತಾನೇ ಹೋಗುತ್ತದೆ. ಆದರೆ ನೀರು ಬರುತ್ತಿದೆ ಎಂಬ ಸುದ್ದಿ ನೀರಿಗಿಂತ ಮೊದಲು ಹೋಗಬೇಕು. ಅದಕ್ಕೆ ಮನುಷ್ಯ ದಾರಿ ಕಟ್ಟಬೇಕು. ಆ ದಾರಿಯ ಇತಿಹಾಸವನ್ನು, ಅದರಲ್ಲೂ ಹವ್ಯಾಸಿ ರೇಡಿಯೊದವರು ಮೇಜಿನ ಮೇಲೆ ಇಟ್ಟುಕೊಳ್ಳುವ ಒಂದು ಸಣ್ಣ ಡಬ್ಬಿಯ ಇತಿಹಾಸವನ್ನು, ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಕುದುರೆಯ ಕಾಲದಿಂದ ಬಿನತಂತಿಯವರೆಗೆ

ಶಿರೂರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ದಂಡಿನ ಠಾಣ್ಯವಾಗಿತ್ತು. 1817ರ ಡಿಸೆಂಬರ್ ಕೊನೆಯಲ್ಲಿ ಎರಡನೆಯ ಬಾಜಿರಾಯನ ಸೈನ್ಯ ಪುಣೆಯತ್ತ ಬರುತ್ತಿದೆಯೆಂದು ತಿಳಿದು, ಅಲ್ಲಿನ ಸೇನಾಧಿಕಾರಿ ಕರ್ನಲ್ ಬರ್ ಶಿರೂರಿನಿಂದ ನೆರವು ಕೇಳಿದನು. ಡಿಸೆಂಬರ್ 31ರ ರಾತ್ರಿ ಎಂಟು ಗಂಟೆಗೆ ಕ್ಯಾಪ್ಟನ್ ಸ್ಟಾಂಟನ್ ಸುಮಾರು ಎಂಟುನೂರು ಜನರೊಡನೆ ಶಿರೂರು ಬಿಟ್ಟು ರಾತ್ರಿಯೆಲ್ಲ ನಡೆದನು. ಮರುದಿನ, 1818ರ ಜನವರಿ 1ರಂದು, ಭೀಮೆಯ ದಡದ ಕೋರೆಗಾಂವದಲ್ಲಿ ನಡೆದ ಯುದ್ಧದ ಕಥೆ ಎಲ್ಲರಿಗೂ ತಿಳಿದದ್ದೇ. ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಇಷ್ಟು: ಆಗ ತಂತಿ ಇರಲಿಲ್ಲ. ಪುಣೆಯ ಓಲೆ ಶಿರೂರನ್ನು ಮುಟ್ಟಿದ್ದು ಮನುಷ್ಯನ ಅಥವಾ ಕುದುರೆಯ ಕಾಲ ಮೇಲೆ. ಓಲೆ ಮುಟ್ಟಿತೋ ಇಲ್ಲವೋ ಎಂಬುದು ಕಳಿಸಿದವನಿಗೆ ಗೊತ್ತಾಗಬೇಕಾದರೆ ಮತ್ತೆ ಅಷ್ಟೇ ದೂರ ಒಬ್ಬನು ಹಿಂದಿರುಗಬೇಕಾಗಿತ್ತು.

1850ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ಮೊದಲ ತಂತಿ ಹಾಕಿದ ಮೇಲೆ ದೇಶದಲ್ಲಿ ಸುದ್ದಿಯ ವೇಗವೇ ಬದಲಾಯಿತು. ಅದರ ಮುಂದಿನ ದೊಡ್ಡ ಹೆಜ್ಜೆಗೆ ಪುಣೆ ಜಿಲ್ಲೆಯೇ ವೇದಿಕೆಯಾಯಿತು. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಮಾರ್ಕೋನಿ ಪದ್ಧತಿಯ ಬಿನತಂತಿ ಸೇವೆ 1927ರ ಸೆಪ್ಟೆಂಬರ್ 6ರಂದು ಆರಂಭವಾದಾಗ, ಸುದ್ದಿ ಕಳಿಸುವ ಕೇಂದ್ರ ಪುಣೆಯ ಪಕ್ಕದ ಖಡ್ಕಿಯಲ್ಲಿತ್ತು. ಸುದ್ದಿ ಹಿಡಿಯುವ ಕೇಂದ್ರ ಶಿರೂರಿನ ನೆರೆಯ ತಾಲ್ಲೂಕಾದ ದೌಂಡಿನಲ್ಲಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ನಾವೆಲ್ಲ ಚಹ ಕುಡಿಯಲು ಇಳಿಯುವ ಅದೇ ದೌಂಡ್. ಎರಡು ಕೇಂದ್ರಗಳನ್ನು ಇಷ್ಟು ದೂರ ಇಟ್ಟದ್ದೇಕೆ? ತಾನೇ ಗಟ್ಟಿಯಾಗಿ ಕೂಗುತ್ತಿರುವವನಿಗೆ ದೂರದ ಪಿಸುಮಾತು ಕೇಳಿಸದು. ಇಂಗ್ಲೆಂಡಿನಿಂದ ಬರುವ ಕ್ಷೀಣ ಅಲೆಯನ್ನು ಹಿಡಿಯಬೇಕಾದರೆ ಪಕ್ಕದಲ್ಲಿ ಗದ್ದಲವಿರಕೂಡದು.

ಇದೇ ಕಾರಣ ಮುಂದೆಯೂ ಕೆಲಸ ಮಾಡಿತು. 1971ರಲ್ಲಿ ಉಪಗ್ರಹ ಸಂಪರ್ಕದ ವಿಕ್ರಮ್ ಭೂಕೇಂದ್ರ ಆರಂಭವಾದದ್ದು ಜುನ್ನರ್ ತಾಲ್ಲೂಕಿನ ಆರ್ವಿಯಲ್ಲಿ. ಅದೇ ತಾಲ್ಲೂಕಿನ ಖೋಡದ್ ಗ್ರಾಮದ ಸುತ್ತ ಇಂದು 45 ಮೀಟರ್ ಅಗಲದ ಮೂವತ್ತು ಬೃಹತ್ ಬಟ್ಟಲುಗಳುಳ್ಳ ರೇಡಿಯೊ ದೂರದರ್ಶಕವಿದೆ. ಮನುಷ್ಯರು ಎಬ್ಬಿಸುವ ರೇಡಿಯೊ ಗದ್ದಲ ಕಡಿಮೆ ಎಂಬುದು ಆ ಸ್ಥಳವನ್ನು ಆರಿಸಿದ ಕಾರಣಗಳಲ್ಲೊಂದು. ಹೀಗೆ ಶಿರೂರಿನ ಸುತ್ತಣ ಸೀಮೆ ಬಹುಕಾಲದಿಂದ ಕಿವಿಗೊಟ್ಟು ಕೇಳುವವರ ಸೀಮೆ ಎಂದರೆ ತಪ್ಪಾಗಲಾರದು.

ಹವ್ಯಾಸಿಗಳೆಂದರೆ ಯಾರು?

ಇವೆಲ್ಲ ಸರ್ಕಾರದ, ದೊಡ್ಡ ಸಂಸ್ಥೆಗಳ ಮಾತಾಯಿತು. ಆದರೆ ರೇಡಿಯೊ ವಿದ್ಯೆ ಬೆಳೆದದ್ದು ಮನೆಯ ಮೂಲೆಯಲ್ಲಿ ಕುಳಿತು ಪ್ರಯೋಗ ಮಾಡಿದವರಿಂದಲೂ ಹೌದು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಸಣ್ಣ ಪ್ರಸಾರ ಯಂತ್ರದಿಂದ ಬಾನುಲಿ ಕೇಂದ್ರ ನಡೆಸಿದರು. ಒಂದು ಸಾಧಾರಣ ಬಲ್ಬಿಗೆ ಬೇಕಾಗುವಷ್ಟು ಶಕ್ತಿ! ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಗೋಪಾಲಸ್ವಾಮಿಯವರದು ಎಲ್ಲರೂ ಕೇಳಲೆಂದು ಮಾಡಿದ ಪ್ರಸಾರ. ಹವ್ಯಾಸಿ ರೇಡಿಯೊ, ಜನ ‘ಹ್ಯಾಮ್’ ಎಂದು ಕರೆಯುವುದು, ಇದಕ್ಕಿಂತ ಬೇರೆ. ಇಲ್ಲಿ ಒಬ್ಬನು ಮತ್ತೊಬ್ಬನೊಡನೆ ಸಂಭಾಷಿಸುತ್ತಾನೆ. ವ್ಯಾಪಾರದ ಮಾತು ಆಡುವಂತಿಲ್ಲ, ಹಣ ಪಡೆಯುವಂತಿಲ್ಲ, ಗುಪ್ತ ಸಂಕೇತ ಬಳಸುವಂತಿಲ್ಲ. ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದ ಸಂಪರ್ಕ ಮಂತ್ರಾಲಯದಿಂದ ಲೈಸೆನ್ಸು ಪಡೆಯಬೇಕು. ಇದಕ್ಕೆ 1978ರ ನಿಯಮಗಳು ಆಧಾರವಾಗಿ ನಿಂತವು. ಲೈಸೆನ್ಸಿನೊಡನೆ ಒಂದು ಕರೆಸಂಕೇತ ದೊರೆಯುತ್ತದೆ. ನಮ್ಮ ದೇಶದ ಹವ್ಯಾಸಿಗಳದು ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭ. ಅಂಡಮಾನ್ ಆದರೆ ‘ವಿಯು4’, ಲಕ್ಷದ್ವೀಪವಾದರೆ ‘ವಿಯು7’. ಬೆಂಗಳೂರು ಈ ಹವ್ಯಾಸಕ್ಕೆ ಬಹುಕಾಲದಿಂದ ತವರು. ಅಲ್ಲಿನ ಹವ್ಯಾಸಿ ರೇಡಿಯೊ ಕ್ಲಬ್ಬು 1959ರಲ್ಲಿ ಹುಟ್ಟಿದ್ದು.

ಒಂದು ಡಬ್ಬಿ, ಹಲವು ಭಾಷೆ

ಹವ್ಯಾಸಿಗಳು ಬಾಯಿಂದ ಮಾತನಾಡುವುದಲ್ಲದೆ ಅಕ್ಷರಗಳನ್ನೂ ಅಲೆಯ ಮೇಲೆ ಕಳಿಸುತ್ತಾರೆ. ಅದಕ್ಕಾಗಿ 1980ರ ದಶಕದ ಉತ್ತರಾರ್ಧದಲ್ಲಿ ಪ್ರಸಿದ್ಧಿಗೆ ಬಂದದ್ದು ‘ಮಲ್ಟಿಮೋಡ್ ಡೇಟಾ ಕಂಟ್ರೋಲರ್’. ಅಮೆರಿಕದ ಎಇಎ ಎಂಬ ಕಂಪನಿಯ ಪಿಕೆ-232 ಇವುಗಳಲ್ಲಿ ಹೆಸರುವಾಸಿ. ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ ರೇಡಿಯೊ ಸೆಟ್ಟು, ನಡುವೆ ಈ ಡಬ್ಬಿ. ನಾವು ಟೈಪು ಮಾಡಿದ ಅಕ್ಷರವನ್ನು ಇದು ಎರಡು ಸ್ವರಗಳ ಸಾಲಾಗಿ ಮಾಡಿ ರೇಡಿಯೊಗೆ ಕೊಡುತ್ತದೆ. ರೇಡಿಯೊದಿಂದ ಬಂದ ಸ್ವರಗಳನ್ನು ಮತ್ತೆ ಅಕ್ಷರ ಮಾಡಿ ತೆರೆಯ ಮೇಲೆ ಬರೆಯುತ್ತದೆ. ಈಗ ಇದೇ ಕೆಲಸವನ್ನು ಕಂಪ್ಯೂಟರಿನ ಧ್ವನಿಕಾರ್ಡು ಮತ್ತು ತಂತ್ರಾಂಶ ಮಾಡಿಬಿಡುತ್ತವೆ. ಆದರೂ ಹಳೆಯ ಡಬ್ಬಿಯನ್ನು ಸಿದ್ಧಗೊಳಿಸುವ ಕ್ರಮವನ್ನು ತಿಳಿದವನಿಗೆ ಸುದ್ದಿಯ ಇತಿಹಾಸವೆಲ್ಲ ತಿಳಿದಂತೆಯೇ. ಏಕೆಂದರೆ ಅದರ ಒಂದೊಂದು ಕ್ರಮಕ್ಕೂ ಒಂದೊಂದು ಕಾಲದ ಮುದ್ರೆ ಇದೆ.

ಮೊದಲು ಭಾಷೆಯನ್ನು ಆರಿಸಬೇಕು. ‘ಮೋರ್ಸ್’ ಎಂದರೆ ಕಟ್ಟ-ಕಡ. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಓಡಿದ ತಂತಿಯ ಭಾಷೆ. ‘ಬೋಡೋ’ ಎಂದರೆ ಫ್ರಾನ್ಸಿನ ತಂತಿ ಇಲಾಖೆಯ ನೌಕರ ಎಮಿಲ್ ಬೋಡೋ 1870ರ ದಶಕದಲ್ಲಿ ಕಂಡುಹಿಡಿದ ಐದು ಗುರುತುಗಳ ಲಿಪಿ, ಟೆಲಿಪ್ರಿಂಟರಿಗೆ ತಾಯಿ. ವೇಗ ಅಳೆಯುವ ‘ಬಾಡ್’ ಎಂಬ ಮಾನ ಅವನ ಹೆಸರಿನದೇ. ‘ಆಮ್‌ಟಾರ್’ ಎಂಬುದನ್ನು ಹಡಗುಗಳ ಟೆಲೆಕ್ಸ್ ಪದ್ಧತಿಯಿಂದ ಹವ್ಯಾಸಿಗಳಿಗೆ ಒಗ್ಗಿಸಿದವನು ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್. ಇದು ಮೂರು ಅಕ್ಷರ ಕಳಿಸಿ ನಿಲ್ಲುತ್ತದೆ. ‘ಮುಟ್ಟಿತು’ ಎಂದು ಆ ಕಡೆಯಿಂದ ಬಂದರೆ ಮುಂದಿನ ಮೂರು, ಇಲ್ಲವಾದರೆ ಅವೇ ಮೂರು. ಕೊನೆಯದು ‘ಪ್ಯಾಕೆಟ್’. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಬೆಸೆದ ಅಲೋಹಾನೆಟ್ ಇದಕ್ಕೆ ಪೂರ್ವಜ. ಹವ್ಯಾಸಿಗಳಲ್ಲಿ ಇದನ್ನು 1978ರಲ್ಲಿ ಮೊದಲಿಗೆ ಮಾಡಿ ತೋರಿಸಿದವರು ಕೆನಡಾದ ಮಾಂಟ್ರಿಯಲ್ ನಗರದವರು. ಪ್ಯಾಕೆಟ್ಟೆಂದರೆ ಲಕೋಟೆ ಎಂದೇ ತಿಳಿಯಿರಿ: ಮೇಲೆ ‘ಗೆ’ ವಿಳಾಸ, ‘ಇಂದ’ ವಿಳಾಸ, ಒಳಗೆ ವಿಷಯ, ಕೊನೆಗೆ ಅಕ್ಷರ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಒಂದು ಲೆಕ್ಕ.

ಸಿದ್ಧಗೊಳಿಸುವ ಕ್ರಮ

ಇನ್ನು ಡಬ್ಬಿಯನ್ನು ಸಿದ್ಧಗೊಳಿಸುವುದು. ಪಿಕೆ-232ಕ್ಕೆ ವಿದ್ಯುತ್ತು ಕೊಟ್ಟೊಡನೆ ಅದು ಒಂದು ನಕ್ಷತ್ರ ಚಿಹ್ನೆಯನ್ನು ಒತ್ತಿರೆಂದು ಕೇಳುತ್ತದೆ. ಆ ಒಂದು ಚಿಹ್ನೆ ಬಂದ ವೇಗದಿಂದಲೇ ಕಂಪ್ಯೂಟರಿನ ವೇಗವನ್ನು ಅರಿತುಕೊಳ್ಳುತ್ತದೆ. ಆಮೇಲೆ ‘ಮೈಕಾಲ್’ ಎಂಬ ಆಜ್ಞೆಯಿಂದ ನಮ್ಮ ಕರೆಸಂಕೇತವನ್ನು ತಿಳಿಸಬೇಕು. ಹೆಸರಿಲ್ಲದವನು ಆಕಾಶದಲ್ಲಿ ಮಾತನಾಡಕೂಡದು. ಸಹಿಯಿಲ್ಲದ ಅರ್ಜಿಯನ್ನು ನಮ್ಮ ಕಚೇರಿಗಳಲ್ಲಿ ಸ್ವೀಕರಿಸುವುದಿಲ್ಲವಷ್ಟೆ, ಹಾಗೆ. ಬಳಿಕ ಅಲೆಯ ಮೇಲಿನ ವೇಗ: 144 ಮೆಗಾಹರ್ಟ್ಜ್ ಮುಂತಾದ ಸಮೀಪದ ಸಂಪರ್ಕಕ್ಕೆ 1200, ದೂರದ ಕಿರುಅಲೆಗೆ 300. ಕಿರುಅಲೆ ಆಕಾಶದ ಪದರಗಳಿಗೆ ಬಡಿದು ಬರುವಾಗ ಏರಿಳಿಯುತ್ತದೆ. ಅಲ್ಲಿ ಅವಸರ ಸಲ್ಲದು.

‘ಟಿಎಕ್ಸ್ ಡಿಲೇ’ ಎಂಬುದು ಬಾಯಿ ತೆರೆದ ಮೇಲೆ ಮಾತು ಹೊರಡಿಸುವ ಮೊದಲು ಕಾಯುವ ಹೊತ್ತು. ರೇಡಿಯೊ ಸೆಟ್ಟು ಕೇಳುವುದನ್ನು ಬಿಟ್ಟು ಕಳಿಸುವುದಕ್ಕೆ ಹೊರಳಲು ಒಂದಿಷ್ಟು ಹೊತ್ತು ಬೇಕು. ಒಂದು ಸೆಕೆಂಡಿನ ನೂರನೆಯ ಭಾಗ ಇದರ ಅಳತೆ. 30 ಎಂದಿಟ್ಟರೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು. ಇದು ಸಾಲದಿದ್ದರೆ ಲಕೋಟೆಯ ತಲೆಯೇ ಹಾರಿಹೋಗಿ, ಆ ಕಡೆಯವನಿಗೆ ಏನೂ ತಿಳಿಯದು. ಇದಕ್ಕೂ ಮುಖ್ಯವಾದದ್ದು ‘ಥ್ರೆಶೋಲ್ಡ್’ ಗುಂಡಿ. ಬರಿಯ ಗದ್ದಲಕ್ಕೆ ದೀಪ ಆರಿರಬೇಕು, ಯಾರಾದರೂ ಮಾತನಾಡುತ್ತಿದ್ದರೆ ದೀಪ ಹತ್ತಬೇಕು. ಅಷ್ಟಕ್ಕೆ ಸರಿಯಾಗಿ ಅದನ್ನು ತಿರುಗಿಸಿಡಬೇಕು. ದೀಪ ಹತ್ತಿರುವವರೆಗೂ ಡಬ್ಬಿ ಬಾಯಿ ಬಿಡುವುದಿಲ್ಲ. ದೌಂಡನ್ನು ಖಡ್ಕಿಯಿಂದ ದೂರ ಇಟ್ಟವರು ಮೈಲಿಗಳಿಂದ ಸಾಧಿಸಿದ್ದನ್ನು ಇದು ಸರದಿಯಿಂದ ಸಾಧಿಸುತ್ತದೆ: ಮೊದಲು ಕೇಳು, ಆಮೇಲೆ ಹೇಳು.

ಇಲ್ಲಿ ಕನ್ನಡದ ಮಾತನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ಬೋಡೋನ ಐದು ಗುರುತುಗಳಿಂದ ಮೂವತ್ತೆರಡೇ ಜೋಡಣೆ ಸಾಧ್ಯ. ಅದರಲ್ಲಿ ನಮ್ಮ ಸ್ವರ, ವ್ಯಂಜನ, ಒತ್ತಕ್ಷರಗಳಿಗೆ ಜಾಗವೆಲ್ಲಿ? ಆದ್ದರಿಂದ ಊರಿನಿಂದ ಬರುತ್ತಿದ್ದ ಹೆರಿಗೆಯ ಸುದ್ದಿ, ಸಾವಿನ ಸುದ್ದಿ ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮನೆಗಳನ್ನು ಮುಟ್ಟುತ್ತಿದ್ದವು. ತಂತಿ ಬಂದರೆ ಓದಿ ಹೇಳುವವರನ್ನು ಅಕ್ಕಪಕ್ಕದಲ್ಲಿ ಹುಡುಕುತ್ತಿದ್ದ ತಾಯಂದಿರನ್ನು ನಮ್ಮಲ್ಲಿ ಹಲವರು ಬಲ್ಲೆವು. 2013ರ ಜುಲೈಯಲ್ಲಿ ಆ ತಂತಿ ಸೇವೆಯೂ ಮುಗಿಯಿತು. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತ ಮೇಲೆ, ಪ್ಯಾಕೆಟ್ಟಿನ ಲಕೋಟೆಯೊಳಗೆ ಕನ್ನಡವೂ ಹೋಗಬಲ್ಲುದು. ಆದರೆ ಒಂದು ಷರತ್ತು. ಹಳೆಯ ಕಂಟ್ರೋಲರುಗಳು ಕಂಪ್ಯೂಟರಿನೊಡನೆ ಏಳು ಬಿಟ್ಟಿನ ಲೆಕ್ಕದಲ್ಲಿ ಮಾತನಾಡುವುದು ವಾಡಿಕೆ. ಅದನ್ನು ಎಂಟಕ್ಕೆ ಬದಲಿಸಲೇಬೇಕು. ಇಲ್ಲವಾದರೆ ಮೇಲಿನ ಬಿಟ್ಟು ಕತ್ತರಿಸಿಹೋಗಿ, ನಾವು ಕಳಿಸಿದ ‘ಕ’ ಆ ಕಡೆ ಒಂದು ಓರೆ ಗೀಟು, ಒಂದು 2ರ ಅಂಕಿ, ಕಣ್ಣಿಗೆ ಕಾಣದ ಒಂದು ಸಂಜ್ಞೆ ಆಗಿ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ‘ಕನ್ನಡ’ ಎಂಬ ಪದಕ್ಕೆ ಕ, ನ, ವಿರಾಮ, ನ, ಡ ಎಂದು ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು ಬೈಟು, ಅಂದರೆ 120 ಬಿಟ್ಟು. 1200ರ ವೇಗದಲ್ಲಿ ಇದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತನೆಯ ಒಂದು ಪಾಲು. ಬಾಯಿ ತೆರೆದು ಕಾಯುವ ಹೊತ್ತು ಮೂರು ಪಾಲು, ಪದಕ್ಕೆ ಒಂದು ಪಾಲು! ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಜಾಗ ಬೇಕೆಂಬುದು ನಿಜ. ಆದರೆ ನಾಲ್ಕು ಸಾಲಿನ ಸುದ್ದಿಗೆ ಅದು ಅಡ್ಡಿಯೇನಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟ.

ಮುಟ್ಟಿದ ರಸೀದಿ

ಕೊನೆಯ ಮೂರು ಕ್ರಮಗಳು ನಮ್ಮಂಥ ಗುಮಾಸ್ತರಿಗೆ ಬಹು ಹತ್ತಿರದವು. ಕಚೇರಿಯ ಜಾವಕ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪತ್ರ ಮುಟ್ಟಿದಂತಾಗದು. ಪಡೆದವರ ರುಜು ಬೇಕು. ಡಬ್ಬಿಯೂ ಹಾಗೆಯೇ. ರಸೀದಿಗೆ ಇಷ್ಟು ಸೆಕೆಂಡು ಕಾಯಬೇಕೆಂದು ‘ಫ್ರ್ಯಾಕ್’ ಹೇಳುತ್ತದೆ. ಬಾರದಿದ್ದರೆ ಎಷ್ಟು ಸಲ ಮತ್ತೆ ಕಳಿಸಬೇಕೆಂದು ‘ರಿಟ್ರೈ’ ಹೇಳುತ್ತದೆ. 10 ಎಂದಿಟ್ಟರೆ ಹತ್ತು ಸಲ ಪ್ರಯತ್ನಿಸಿ, ಆಗಲೂ ಉತ್ತರವಿಲ್ಲದಿದ್ದರೆ ಸಂಪರ್ಕ ಕಡಿಯಿತೆಂದು ನಮಗೆ ಸ್ಪಷ್ಟವಾಗಿ ತಿಳಿಸುತ್ತದೆ. ಸುಮ್ಮನೆ ನುಂಗಿಕೊಳ್ಳುವುದಿಲ್ಲ. ಮೂರನೆಯದು ‘ಚೆಕ್’. ಇಬ್ಬರ ನಡುವೆ ಸಂಪರ್ಕವಿದ್ದೂ ಬಹಳ ಹೊತ್ತು ಮಾತಿಲ್ಲದಿದ್ದರೆ, ‘ಇದ್ದೀಯಾ?’ ಎಂದು ಡಬ್ಬಿ ತಾನೇ ಕೇಳುತ್ತದೆ. ಹತ್ತು ಸೆಕೆಂಡಿನ ಲೆಕ್ಕದಲ್ಲಿ ಇದನ್ನು 30ಕ್ಕೆ ಇಟ್ಟರೆ ಐದು ನಿಮಿಷಕ್ಕೊಮ್ಮೆ ವಿಚಾರಣೆ. ಊರಿನ ವೃದ್ಧ ತಂದೆತಾಯಿಯರನ್ನು ಬಿಟ್ಟು ಬಂದ ಮಕ್ಕಳಿಗೆ ಈ ಆಜ್ಞೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆ ಕಡೆಯವನು ಮನೆಯಲ್ಲಿಲ್ಲದಿದ್ದರೆ? ಅದಕ್ಕೂ ಉಪಾಯವುಂಟು. ಪಿಕೆ-232ರ ಮುಂದಿನ ಮಾದರಿಯಲ್ಲಿ ಒಂದು ಅಂಚೆಪೆಟ್ಟಿಗೆಯನ್ನೇ ಸೇರಿಸಿದರು. ಬಂದ ಸುದ್ದಿ ಅದರಲ್ಲಿ ಕಾದಿರುತ್ತದೆ. ಇದೇ ತತ್ವವನ್ನು ಆಕಾಶಕ್ಕೇರಿಸಿದವರು ಪುಣೆಯ ವಿದ್ಯಾರ್ಥಿಗಳು. ಸರ್ ಎಂ. ವಿಶ್ವೇಶ್ವರಯ್ಯನವರು 1880ರ ದಶಕದಲ್ಲಿ ಓದಿದ ಪುಣೆ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ‘ಸ್ವಯಂ’ ಎಂಬ ಉಪಗ್ರಹವನ್ನು 2016ರ ಜೂನ್ 22ರಂದು ಪಿಎಸ್‌ಎಲ್‌ವಿ-ಸಿ34 ಕಕ್ಷೆಗೆ ಸೇರಿಸಿತು. ತೂಕ ಒಂದು ಕಿಲೋಗೂ ಕಡಿಮೆ, ಅಂಗೈಯಗಲದ ಚೌಕ. ಒಬ್ಬ ಹವ್ಯಾಸಿ ಕೊಟ್ಟ ಸುದ್ದಿಯನ್ನು ತನ್ನಲ್ಲಿಟ್ಟುಕೊಂಡು, ಮತ್ತೊಬ್ಬನ ತಲೆಯ ಮೇಲೆ ಹಾದುಹೋಗುವಾಗ ಅವನಿಗೊಪ್ಪಿಸುವುದು ಅದರ ಉದ್ದೇಶ. ಇದಕ್ಕೂ ಮೊದಲು, 2005ರ ಮೇ 5ರಂದು ಇಸ್ರೊ ಹಾರಿಸಿದ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ 2014ರ ಜುಲೈವರೆಗೆ ಜಗತ್ತಿನ ಹವ್ಯಾಸಿಗಳ ಧ್ವನಿಯನ್ನು ಹೊತ್ತಿತು. ಶಿರೂರಿಗೆ ಓಲೆ ತಂದವನ ಕೆಲಸವೇ ಇವುಗಳದೂ; ಹಾದಿ ಮಾತ್ರ ಬೇರೆ.

ಮೌನವೂ ಒಂದು ಸುದ್ದಿ

ಮೊಬೈಲು ಪ್ರತಿಯೊಬ್ಬರ ಜೇಬಿನಲ್ಲಿರುವಾಗ ಇದೆಲ್ಲ ಯಾಕೆ ಎಂದು ವಾಚಕರು ಕೇಳಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಡನೆ ಪೋರ್ಟ್ ಬ್ಲೇರಿನಲ್ಲಿದ್ದರು. ಅವರು ಅಲ್ಲಿಗೆ ಹೋದದ್ದು ಸುನಾಮಿಗಾಗಿ ಅಲ್ಲ. ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡಲು. ಕೇಂದ್ರ ಮೊದಲೇ ಸಿದ್ಧವಾಗಿತ್ತು, ಕೇಳುವವರು ಮೊದಲೇ ಕಾದಿದ್ದರು. ದ್ವೀಪಗಳ ದೂರವಾಣಿ ಕಡಿದಾಗ ಅದೇ ಕೇಂದ್ರದಿಂದ ಕುಶಲದ ಸುದ್ದಿಗಳು ಮುಖ್ಯಭೂಮಿಯನ್ನು ಮುಟ್ಟಿದವು.

ಇನ್ನೊಂದು ಸಂಗತಿ ಘೋಡ್ ನದಿ ಹುಟ್ಟುವ ಸೀಮೆಯದೇ. ಶಿರೂರಿನ ನೆರೆಯ ಅಂಬೇಗಾಂವ್ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ಮಡಿಲಲ್ಲಿ, ಮಾಳಿಣ್ ಎಂಬ ಹಳ್ಳಿ. 2014ರ ಜುಲೈ 30ರ ಮುಂಜಾನೆ ಗುಡ್ಡ ಕುಸಿದು ಊರನ್ನು ಹೂತುಹಾಕಿತು. ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹೊರಜಗತ್ತಿಗೆ ಈ ಸುದ್ದಿ ಮುಟ್ಟಿದ್ದು ಹೇಗೆ? ಎಂದಿನಂತೆ ಆ ದಾರಿಯಲ್ಲಿ ಹೋದ ಸರ್ಕಾರಿ ಬಸ್ಸಿನ ಚಾಲಕ, ಊರು ಇರಬೇಕಾದ ಕಡೆ ಊರಿಲ್ಲದ್ದನ್ನು ಕಂಡು ಬಂದು ಹೇಳಿದ್ದರಿಂದ. ಗಗನದಲ್ಲಿ ಉಪಗ್ರಹ, ಪಕ್ಕದ ತಾಲ್ಲೂಕಿನಲ್ಲಿ ನಕ್ಷತ್ರಗಳ ಪಿಸುಮಾತು ಹಿಡಿಯುವ ಮೂವತ್ತು ಬಟ್ಟಲುಗಳು. ಆದರೂ ಸುದ್ದಿ ಬಂದದ್ದು 1817ರ ಹಾಗೆ, ಒಬ್ಬ ಮನುಷ್ಯ ದಾರಿಯಲ್ಲಿ ಹೋಗಿ ಬಂದು.

ಅಲ್ಲೊಂದು ರೇಡಿಯೊ ಇದ್ದಿದ್ದರೆ ಎಂದು ಹೇಳುವುದು ಸುಲಭ. ಹೂತುಹೋದ ಊರು ಯಾವ ಯಂತ್ರದಿಂದಲೂ ಮಾತನಾಡದು. ಆದರೆ ಆ ಚಾಲಕನಿಗೆ ಮೌನ ಅರ್ಥವಾದದ್ದು ಏಕೆ? ಬಸ್ಸು ಎಂದಿನ ಬಸ್ಸಾದ್ದರಿಂದ. ಅಲ್ಲಿ ಊರಿತ್ತೆಂದು ಅವನಿಗೆ ಗೊತ್ತಿದ್ದುದರಿಂದ. ಹವ್ಯಾಸಿಗಳಲ್ಲಿ ‘ನೆಟ್’ ಎಂಬ ಪದ್ಧತಿಯುಂಟು. ಗೊತ್ತಾದ ಹೊತ್ತಿಗೆ ಒಬ್ಬನು ಎಲ್ಲರ ಹೆಸರು ಕರೆಯುತ್ತಾನೆ, ಒಬ್ಬೊಬ್ಬರೂ ಹಾಜರಿ ಹೇಳುತ್ತಾರೆ. ವಿಶೇಷ ಸುದ್ದಿಯೇನೂ ಇರುವುದಿಲ್ಲ. ಮಳೆ, ಬಿಸಿಲು, ಮಕ್ಕಳ ಪರೀಕ್ಷೆ, ಅಷ್ಟೆ. ಹೊರಗಿನವರಿಗೆ ಇದು ಹೊತ್ತುಗಳೆಯುವ ಹರಟೆ. ಆದರೆ ಒಂದು ದಿನ ಒಂದು ಹೆಸರಿಗೆ ಉತ್ತರ ಬಾರದಿದ್ದರೆ, ಆ ಮೌನವೇ ಸುದ್ದಿಯಾಗುತ್ತದೆ. ದಿನವೂ ಮಾತಿದ್ದವರಿಗೆ ಮಾತ್ರ ಮೌನ ಕೇಳಿಸುತ್ತದೆ. ‘ಚೆಕ್’ ಎಂಬ ಆಜ್ಞೆಯ ಸಾರವೂ ಇದೇ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಆ ಕಡೆಯ ಸದಸ್ಯರು ಮರೆತಿರಲಾರರು. ನಾವಿರುವುದು ಅದೇ ನದಿಯ ಮೇಲ್ದಂಡೆಯಲ್ಲಿ. ನಮ್ಮ ಬಂಧುಗಳಿರುವುದು ಕೆಳದಂಡೆಯಲ್ಲಿ. ನಮ್ಮ ಸಂಘದ ಯುವಕ ಯುವತಿಯರಲ್ಲಿ ನಾಲ್ವರಾದರೂ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕುಳಿತರೆ ಒಳ್ಳೆಯದು. ಹನ್ನೆರಡು ವರ್ಷ ತುಂಬಿದವರು ಕುಳಿತುಕೊಳ್ಳಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಕಲಿಯಬೇಕಾಗಿಯೂ ಇಲ್ಲ. ಗಣಿತ, ವಿಜ್ಞಾನ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯೂ ಸಿಗದು. ಪರೀಕ್ಷೆಗೆ ಕೂರದ ನಾವು ಹಿರಿಯರು ಮಾಡಬಹುದಾದದ್ದೂ ಒಂದಿದೆ. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಊರಿಗೆ ಫೋನು ಮಾಡಿ ‘ಇದ್ದೀರಾ?’ ಎಂದು ಕೇಳುವುದು. ಸುದ್ದಿ ಏನೂ ಇಲ್ಲದಿದ್ದರೂ ಕೇಳುವುದು.